ಬುತ್ತಿ ಮುಟ್ಟುವ ಕಾಲೇಜು

ಮುಂಬಯಿಯ ದೊಡ್ಡ ಮೆಡಿಕಲ್ ಕಾಲೇಜಿಗೆ ಸೇರಬೇಕಾದರೆ ಮೊದಲು ಯಾವ ಕಾಲೇಜಿನಲ್ಲಿ ಓದಿರಬೇಕು ಎಂದು ನನ್ನನ್ನು ಯಾರೂ ಕೇಳಿದವರಿಲ್ಲ. ನಾನು ತಿಳವಳ್ಳಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು. ಆದರೆ ಆ ಪ್ರಶ್ನೆಯ ಸಲುವಾಗಿ ನನ್ನಷ್ಟು ರೊಟ್ಟಿ ಬಡಿದವರು ಇನ್ನೊಬ್ಬರಿರಲಾರರು. ಆದ್ದರಿಂದ ಉತ್ತರ ಹೇಳುವ ಹಕ್ಕು ನನಗೂ ಇದೆ.

ಎರಡನೆಯ ಮಹಾಯುದ್ಧದ ವರ್ಷಗಳು ಅವು. ಅವ್ವ ತೀರಿಕೊಂಡಿದ್ದಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಾನು ಹಿರೇಕೆರೂರಿನಿಂದ ತವರಿಗೆ ಮರಳಿದ್ದೆ. ಮನೆಯಲ್ಲಿ ಅಪ್ಪ, ನಾನು ಮತ್ತು ಡಾಕ್ಟರಾಗುತ್ತೇನೆಂದು ಹಟ ಹಿಡಿದ ತಮ್ಮ. ಅವನು ಮೆಟ್ರಿಕ್ ಪಾಸಾದ ಸುದ್ದಿ ಸಿಕ್ಕ ಕೂಡಲೇ ಸವಣೂರಿನಿಂದ ಸೋದರಮಾವ ಬಂದರು. ಅವರು ವಕೀಲರು, ಕರಿ ಕೋಟು ಹಾಕಿಕೊಂಡೇ ಊಟಕ್ಕೆ ಕೂಡುವವರು.

"ಇವನ್ನ ಪುಣೇಕ ಕಳಸ್ರಿ," ಎಂದರು ಅಪ್ಪನಿಗೆ. "ಅಲ್ಲಿ ಎರಡು ವರ್ಷ ಸೈನ್ಸ್ ಓದಿದರ ಮೆಡಿಕಲ್‌ದವರು ತಾವ ಬಾಗಲಾ ತಗೀತಾರ. ಧಾರವಾಡದ ಹೆಸರು ಬರದರ ಅರ್ಜಿ ಸೈತ ಬಿಚ್ಚಿ ನೋಡಂಗಿಲ್ಲ."

ಪುಣೆಯಲ್ಲಿ ನಮಗೆ ಯಾರೂ ಇರಲಿಲ್ಲ. ದಿನಾ ಖಾನಾವಳಿಯಲ್ಲಿ ಉಣ್ಣಿಸುವ ಮನೆ ನಮ್ಮದಲ್ಲ. ಧಾರವಾಡವಾದರೆ ಬುತ್ತಿ ಇತ್ತು. ಪಟ್ಟಣದಲ್ಲಿ ಓದುವ ಮಕ್ಕಳಿಗೆ ನಮ್ಮ ಕಡೆ ಮನೆಯಿಂದಲೇ ಬುತ್ತಿ ಹೋಗುತ್ತಿತ್ತು. ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಬಸ್ಸು ಬೆಳಗಾಗುವಾಗ ಊರ ಮುಂದೆ ಬಂದು ಕೆಮ್ಮುತ್ತ ನಿಲ್ಲುತ್ತಿತ್ತು. ಮಕ್ಕಳನ್ನು ಓದಲು ಕಳಿಸಿದವರೆಲ್ಲ ಗಂಟು ಹಿಡಿದು ಬರುತ್ತಿದ್ದೆವು. ಹಾನಗಲ್ಲು, ಶಿಗ್ಗಾವಿ, ಹುಬ್ಬಳ್ಳಿ ದಾಟಿ ಗಂಟು ಧಾರವಾಡ ಮುಟ್ಟಿದಾಗ ಹುಡುಗರು ಅಲ್ಲಿ ಕಾದಿರುತ್ತಿದ್ದರು. ಯಾರ ಗಂಟು ಯಾರದೆಂದು ಬಟ್ಟೆಯ ಮೇಲೆ ಗುರುತು. ನಮ್ಮದು ಅವ್ವನ ಹಸಿರು ಸೀರೆಯ ತುಂಡು. ಬರಿದಾದ ಬಟ್ಟೆ ಸಂಜೆಯ ಬಸ್ಸಿಗೆ ಮರಳಿ ಬರುತ್ತಿತ್ತು, ಒಮ್ಮೊಮ್ಮೆ ಅದರ ಸೆರಗಿಗೆ ಕಟ್ಟಿದ ಒಂದು ಚೀಟಿಯೊಂದಿಗೆ. ಬುತ್ತಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ನಮ್ಮ ಮಕ್ಕಳ ಓದು.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ: "ಮಾವಾ, ಹಿತ್ತಲ ಗಿಡ ಮದ್ದಲ್ಲ ಅಂತೀರಿ, ಹೌದಿಲ್ಲೋ? ಕಪ್ಪಿ ಪುಣೇದಾಗ ಕೊಯ್ದರೂ ಕಪ್ಪೀನ, ಧಾರವಾಡದಾಗ ಕೊಯ್ದರೂ ಕಪ್ಪೀನ."

ಗಂಡ ಸತ್ತವಳು ಗಂಡಸರ ಮಾತಿನ ನಡುವೆ ಬಾಯಿ ಹಾಕಿದಳೆಂದು ಮಾವ ಅಪ್ಪನ ಮುಖ ನೋಡಿದರು. ಅಪ್ಪ, "ಆಕಿ ಹೇಳೂದು ಖರೆ ಐತಿ," ಎಂದ. ಧಾರವಾಡವೇ ಗಟ್ಟಿಯಾಯಿತು.

ಎರಡು ವರ್ಷ ಕೋಳಿ ಕೂಗುವ ಮೊದಲೇ ಎದ್ದೆ. ತಮ್ಮ ಇಂಟರ್ ಸೈನ್ಸನ್ನು ಮೊದಲ ದರ್ಜೆಯಲ್ಲಿ ಪಾಸಾದ. ಮುಂಬಯಿಗೆ ಅರ್ಜಿ ಹೋಯಿತು, ಸಂದರ್ಶನಕ್ಕೆ ಕರೆಯೂ ಬಂತು. ಹೋಗಿ ಬಂದು, ಆಯ್ಕೆಯಾದವರ ಪಟ್ಟಿಯ ದಾರಿ ಕಾಯುತ್ತ ಧಾರವಾಡದಲ್ಲೇ ಬಿ.ಎಸ್ಸಿ.ಗೆ ಹೆಸರು ಹಚ್ಚಿದ್ದ. ಒಂದು ಸಂಜೆ ಹಸಿರು ಬಟ್ಟೆಯಲ್ಲಿ ಚೀಟಿ ಇತ್ತು: "ಅಕ್ಕಾ, ನನ್ನ ಹೆಸರು ಬರಲಿಲ್ಲ."

ಅಲ್ಲೇ ರಸ್ತೆಯ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಅಳು ಬರಲಿಲ್ಲ, ಸಿಟ್ಟು ಬಂತು.

ಸುದ್ದಿ ಕೇಳಿ ತಮ್ಮನೂ ಮಾವನೂ ಒಂದೇ ದಿನ ಮನೆಗೆ ಬಂದರು. ಮಾವ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ನಾ ಮೊದಲ ಹೇಳಿದ್ದೆ. ಪಟ್ಟಿ ತರಿಸಿ ನೋಡೇನಿ. ಬಹಳಷ್ಟು ಮುಂಬೈ ಪುಣೇ ಕಾಲೇಜಿನವರ ಅದಾರ. ಇನ್ನೂ ಕಾಲ ಮಿಂಚಿಲ್ಲ, ಈ ವರ್ಷ ಪುಣೇಕ ಹೋಗಲಿ. ನನ್ನ ಗೆಳೆಯನ ಮನ್ಯಾಗ ಇರಲಿ," ಎಂದರು. ತಮ್ಮ ತಲೆ ತಗ್ಗಿಸಿ ಹೂಂಗುಟ್ಟಿದ.

ನಾನು ಅವನ ಎದುರಿಗೇ ಕುಳಿತೆ. "ಅಲ್ಲಿ ನಿನಗ ಏನೇನು ಕೇಳಿದರು?"

"ಪಾಠದ್ದೆಲ್ಲಾ ಬರೋಬರಿ ಹೇಳಿದೆ ಅಕ್ಕಾ. ಕಡೀಕ, ಇಷ್ಟು ಮಾರ್ಕು ತಗೊಂಡಾಂವ ಪುಣೇಕ ಯಾಕ ಹೋಗಲಿಲ್ಲ ಅಂತ ಕೇಳಿದರು."

"ಏನಂದಿ?"

"ಪುಣೇದ ಹವಾ ನನ್ನ ಮೈಗೆ ಒಗ್ಗಂಗಿಲ್ಲ ಅಂದೆ."

ಪುಣೆಯ ಮಣ್ಣನ್ನೇ ಮೆಟ್ಟದವನಿಗೆ ಪುಣೆಯ ಹವೆ ಒಗ್ಗದಂತೆ!

"ಖರೇ ಮಾತು ಯಾಕ ಹೇಳಲಿಲ್ಲ?"

"ಬುತ್ತಿ ತಿಂದು ಓದತೇನಿ ಅಂತ ಆ ಮಂದಿ ಮುಂದ ಹೆಂಗ ಹೇಳಲಿ? ಎಲ್ಲಾರೂ ಸೂಟುಬೂಟು ಹಾಕ್ಕೊಂಡು ಕುಂತಿದ್ದರು."

ನನಗೆ ಮೈಯೆಲ್ಲ ಉರಿಯಿತು. "ಹವಾ ತಡಕೊಳ್ಳಲಾರದಾಂವ ರೋಗಿಗಳ ನಡುವ ಹೆಂಗ ನಿಂದರತಾನ ಅಂತ ಅವರು ತಿಳಕೊಂಡಿದ್ದರ ತಪ್ಪೇನು? ನನ್ನ ರೊಟ್ಟಿ ಮುಚ್ಚಿಡಾಕ ಹೋಗಿ ನಿನ್ನ ಮೈಗೇ ರೋಗ ಹಚ್ಚಿಕೊಂಡು ಬಂದಿ!"

"ಅದು ಹವಾದ ಮಾತಲ್ಲ, ಕಾಲೇಜಿನ ಮಾತು," ಎಂದರು ಮಾವ. "ಕುಣೀಲಾರದಾಕಿ ನೆಲಾ ಡೊಂಕು ಅಂದಂಗಾತು."

"ಕುಣಿಯಾಂವ ಇಲ್ಲೇ ಕುಂತಾನ್ರಿ, ಅವನ್ನ ಕೇಳ್ರಿ." ತಮ್ಮನ ಕಡೆ ತಿರುಗಿದೆ. "ಪುಣೇಕ ಹೋಗ್ತಿದ್ದರ ಹೋಗು. ಅವ್ವನ ಸೀರಿ ತುಂಡು ಇಲ್ಲೇ ಇಟ್ಟು ಹೋಗು."

ಮರುದಿನ ಬೆಳಿಗ್ಗೆ ಅವನು ಆ ಬಟ್ಟೆಯಲ್ಲೇ ರೊಟ್ಟಿ ಕಟ್ಟಿಸಿಕೊಂಡು ಧಾರವಾಡದ ಬಸ್ಸು ಹತ್ತಿದ. ಮಾವ ಎರಡು ತಿಂಗಳು ನಮ್ಮ ಮನೆಗೆ ಹಾಯಲಿಲ್ಲ. ಅದರಿಂದ ನಮ್ಮ ಊಟವೇನೂ ಕಡಿಮೆಯಾಗಲಿಲ್ಲ.

ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಮುಂಬಯಿ, ಮತ್ತೆ ಅದೇ ಪ್ರಶ್ನೆ. ಈ ಸಲ ಏನು ಹೇಳಿದನೆಂಬುದನ್ನು ತಮ್ಮ ಒಲೆಯ ಮುಂದೆ ಕುಳಿತು ನನಗೆ ವರದಿ ಮಾಡಿದ. "ನಮ್ಮ ಊರಿನ ಬಸ್ಸು ಪುಣೇಕ ಹೋಗಂಗಿಲ್ಲ, ನಮ್ಮಕ್ಕನ ಬುತ್ತಿ ಮುಟ್ಟೂ ಕಾಲೇಜು ಧಾರವಾಡದ್ದೊಂದ ಅಂತ ಇಂಗ್ಲೀಷಿನಾಗ ಹೇಳಿದೆ ಅಕ್ಕಾ. ಒಬ್ಬ ಮುದುಕ ಡಾಕ್ಟರು ಪೆನ್ನು ಕೆಳಗಿಟ್ಟು, ಬಸ್ಸು ಕೆಟ್ಟ ದಿವಸ ಏನು ತಿಂತಿ ಅಂದರು. ಬ್ಯಾರೆ ಊರಿನ ಹುಡುಗರ ಬುತ್ತಿ ಬಂದಿರತಾವ, ಹಂಚಿಕೊಂಡು ತಿಂತೇವಿ ಅಂದೆ. ಮತ್ತೇನೂ ಕೇಳಲಿಲ್ಲ."

ಈ ಸಲ ಪಟ್ಟಿಯಲ್ಲಿ ಅವನ ಹೆಸರಿತ್ತು, ಕೆಳಗಿನ ಕಡೆಗೆ.

ಖರೆ ಮಾತೊಂದರಿಂದಲೇ ಬಾಗಿಲು ತೆರೆಯಿತು ಎನ್ನುವಷ್ಟು ಹುಚ್ಚಿ ನಾನಲ್ಲ. ಅವರು ಏನು ತೂಗಿದರೋ ನನಗೆ ತಿಳಿಯದು. ಆ ವರ್ಷವೂ ಪಟ್ಟಿಯ ತುಂಬ ದೊಡ್ಡ ಊರಿನ ಕಾಲೇಜುಗಳೇ. ಕಾಲೇಜಿನ ಹೆಸರು ನಡೆಯುತ್ತದೆ. ಅದು ನನ್ನ ತಮ್ಮನ ಒಂದು ವರ್ಷವನ್ನು ತಿಂದದ್ದೂ ಇರಬಹುದು, ನಾನು ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಅರ್ಜಿಯನ್ನೇ ಬಿಚ್ಚಿ ನೋಡುವುದಿಲ್ಲ ಎಂದು ಹೆದರಿಸಿದವರ ಮಾತು ಸುಳ್ಳಾಯಿತು.

ಅವನು ಹೊರಟ ದಿನ ಹಾನಗಲ್ಲಿನವರೆಗೆ ನಾನೂ ಬಸ್ಸಿನಲ್ಲಿ ಹೋದೆ. ಅಲ್ಲಿ ಮಾವ ಹೂಮಾಲೆ ಹಿಡಿದು ನಿಂತಿದ್ದರು. ಸುತ್ತ ನಾಲ್ಕು ಮಂದಿ ಹಿರಿಯರು. "ನಮ್ಮ ಅಳಿಯಾ, ಮುಂಬೈ ಮೆಡಿಕಲ್ ಕಾಲೇಜು!" ಎಂದು ಅವರಿಗೆ ತೋರಿಸುತ್ತಿದ್ದರು.

"ಮಾವಾ, ಮೊದಲಿನ ಕಾಲೇಜಿನ ಹೆಸರೂ ಹೇಳ್ರಿ," ಎಂದೆ.

ಮಾವ ಕೆಮ್ಮಿದರು. "ಧಾರವಾಡ," ಎಂದರು.

"ಜೋರಲೆ ಹೇಳ್ರಿ, ಬಸ್ಸಿನ ಸಪ್ಪಳದಾಗ ಕೇಳವಲ್ಲದು."

ಜೋರಾಗಿಯೇ ಹೇಳಿದರು. ನಾನು ಹಸಿರು ಗಂಟನ್ನು ತಮ್ಮನ ಕೈಗೆ ಕೊಟ್ಟೆ. "ರೈಲಿನಾಗ ಎಲ್ಲಾರ ಮುಂದ ಬಿಚ್ಚಿ ತಿನ್ನು. ಗ್ವಾಡಿ ಕಡೆ ತಿರುಗಬ್ಯಾಡ."

ಆ ಸಂಜೆ ಧಾರವಾಡದ ಬಸ್ಸು ಬಂದಾಗ ರೂಢಿಯಂತೆ ಊರ ಮುಂದೆ ಹೋಗಿ ನಿಂತೆ. ಉಳಿದವರ ಬಟ್ಟೆಗಳು ಬಂದವು, ನಮ್ಮದು ಬರಲಿಲ್ಲ. ಮೂರು ವರ್ಷ ರೊಟ್ಟಿ ಬಡಿದದ್ದು ಮುಂದೊಂದು ದಿನ ಅದು ಮರಳಿ ಬರದಿರಲಿ ಎಂದೇ.