ಕಾಲಿಡದೆಯೇ ಕೂಗಿದ ಇಂಜಿನ್

ಹೋದ ತಿಂಗಳು ಒಂದು ಮಂಗಳವಾರ, ಬೆಳಗಿನ ಐದೂವರೆಗೆ, ನಾನು ನಮ್ಮ ಮಿನಿ ಟ್ರಕ್ಕಿನ ಡ್ರೈವರ್ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಊಟಕ್ಕೆ ಕೂತ ಹಾಗೆ. ಎರಡೂ ಕಾಲು ಸೀಟಿನ ಮೇಲೆ. ಎಕ್ಸಿಲರೇಟರ್ ಹತ್ತಿರ ಒಂದು ಸೊಳ್ಳೆಯೂ ಇರಲಿಲ್ಲ. ಆದರೂ ಇಂಜಿನ್ ಕೂಗುತ್ತಿತ್ತು. ಮಾಮೂಲಿ ಗುರ್ ಅನ್ನುವ ಸದ್ದಲ್ಲ, ಘಾಟಿ ಹತ್ತುವ ಲಾರಿಯ ಹಾಗೆ, ಗಂಟಲು ಹರಿದುಕೊಂಡು.

ನನಗೆ ಭಯವಾಗಲಿಲ್ಲ. ನಾಚಿಕೆಯಾಯಿತು.

ಯಾಕೆಂದರೆ ಹಿಂದಿನ ದಿನ ಇದೇ ಇಂಜಿನ್ನಿನ ವಿಷಯಕ್ಕೆ ಒಬ್ಬ ಮನುಷ್ಯನನ್ನು ಇಡೀ ಬೀದಿಯೆದುರು ಸುಳ್ಳುಗಾರ ಅಂದಿದ್ದೆ.

ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ (ಇದೇ ಜಾಗದಲ್ಲಿ ಎಷ್ಟೋ ಸಲ ಕೊರೆದಿದ್ದೇನೆ), ನಾನೂ ನನ್ನ ತಂಗಿಯೂ ಎನ್.ಆರ್. ಕಾಲೋನಿಯ ನಮ್ಮ ಮನೆಯ ಕೆಳಗಡೆ ಒಂದು ಸಣ್ಣ ಕೇಟರಿಂಗ್ ನಡೆಸುತ್ತೇವೆ. ಇಡ್ಲಿ, ಖಾರಾಬಾತ್, ಚಟ್ನಿ. ಬೆಳಿಗ್ಗೆ ಮೊದಲು ಉಪ್ಪಾರಪೇಟೆಯ ಲಾಡ್ಜುಗಳಿಗೆ, ಆಮೇಲೆ ಸಂಪಿಗೆ ರಸ್ತೆಯ ಎರಡು ಆಫೀಸುಗಳಿಗೆ. ಒಯ್ಯುವುದು ನಮ್ಮ ಪೆಟ್ರೋಲ್ ಮಿನಿ ಟ್ರಕ್. ಓಡಿಸುವುದು ಸಿದ್ದರಾಜು, ನಲವತ್ತು ದಾಟಿದ ಮಿತಭಾಷಿ. ಚಾಮರಾಜಪೇಟೆಯಿಂದ ಸೈಕಲ್ ತುಳಿದುಕೊಂಡು ಐದು ಗಂಟೆಗೆ ಬಂದು ನಿಲ್ಲುತ್ತಾನೆ. ಆರು ವರ್ಷದಲ್ಲಿ ಒಂದು ಚಟ್ನಿ ಡಬ್ಬಿಯನ್ನೂ ಚೆಲ್ಲಿದವನಲ್ಲ.

ಆ ಸೋಮವಾರ ಟ್ರಕ್ಕು ಮುಂದಕ್ಕೆ ಹಾರಿತು.

ಧನುರ್ಮಾಸ ನೋಡಿ. ಪಕ್ಕದ ಮನೆಯ ಶಾರದಮ್ಮ ನಸುಕಿನಲ್ಲೇ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುತ್ತಿದ್ದರು. ಎಪ್ಪತ್ತೆರಡು ವರ್ಷ. ಸಿದ್ದರಾಜು ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟಿದ್ದೇ ತಡ, ಗಾಡಿ ನೆಗೆದು ಅವರ ಮುಂದೆ ಒಂದು ಗೇಣಿನಷ್ಟು ದೂರದಲ್ಲಿ ನಿಂತಿತು. ರಂಗೋಲಿ ಬಟ್ಟಲು ಚಕ್ರದ ಕೆಳಗೆ ಅಪ್ಪಚ್ಚಿ. ಶಾರದಮ್ಮ ಹಿಂದಕ್ಕೆ ಬಿದ್ದು ಮೊಣಕೈ ತರಚಿತು. ಅಷ್ಟೇ ಆಯಿತು. ಆದರೆ ಒಂದು ಗೇಣು!

ಅವರ ಮಗ ರಮೇಶ್ ಬನಿಯನ್ನಿನಲ್ಲೇ ಓಡಿ ಬಂದರು. ಎದುರು ಮನೆಯವರು ಬಂದರು. ವಾಕಿಂಗ್ ಹೊರಟವರು ನಿಂತರು.

"ಎಕ್ಸಿಲರೇಟರ್ ಮೇಲೆ ಯಾಕಯ್ಯಾ ಕಾಲಿಟ್ಟೆ? ಕಣ್ಣು ಕಾಣಲ್ವಾ?" ಅಂತ ನಾನು ಕಿರುಚಿದೆ.

"ಇಲ್ಲ ಅಕ್ಕ. ಕಾಲಿಟ್ಟಿರ್ಲಿಲ್ಲ. ಗಾಡೀನೇ ರೈಸ್ ಆಗ್ತಿತ್ತು."

"ಸುಳ್ಳು ಬೇರೆ ಹೇಳ್ತೀಯಾ? ಗಾಡಿ ತಾನಾಗೇ ರೈಸ್ ಆಗತ್ತಾ?"

ರಮೇಶ್ ಕೈ ತೋರಿಸಿ ಹೇಳಿದರು, "ನೋಡಿ ಮೇಡಂ, ಈ ಡ್ರೈವರ್ ಇರ್ಬಾರ್ದು. ಇಲ್ಲಾಂದ್ರೆ ಗಾಡಿ ಈ ರೋಡಲ್ಲಿ ನಿಲ್ಬಾರ್ದು. ಎರಡ್ರಲ್ಲಿ ಒಂದು." ನಾನು ಸಿದ್ದರಾಜುವಿನಿಂದ ಕೀ ತೆಗೆದುಕೊಂಡೆ. ಅವನು ಸೈಕಲ್ ಹತ್ತಿ ಹೋದ. ಅವತ್ತಿನ ಇಡ್ಲಿ ಬಾಡಿಗೆಯ ಗೂಡ್ಸ್ ಆಟೋದಲ್ಲಿ ಹೋಯಿತು.

ಸಂಜೆ ಪಾತ್ರೆ ಎಣಿಸುತ್ತಾ ತಂಗಿ ಮೆಲ್ಲಗೆ ಅಂದಳು, "ಅಕ್ಕ, ಹೋದ ವಾರಾನೇ ಅವನು ಹೇಳಿದ್ನಲ್ಲ, ಬೆಳಿಗ್ಗೆ ಹೊತ್ತು ಗಾಡಿ ಜಾಸ್ತಿ ರೈಸ್ ಆಗ್ತಿದೆ ಅಂತ."

ಹೇಳಿದ್ದ. ಚಳಿಗೆ ಹಾಗೇ ಆಗತ್ತೆ ಹೋಗು ಅಂದಿದ್ದೆ ನಾನೇ. ಆ ಸೋಮವಾರ ಅವನು ಇಂಜಿನ್ನಿನ ಕೂಗು ಇಳಿಯಲಿ ಅಂತ ಕಾಯುತ್ತಿದ್ದಾಗ "ಟೈಮ್ ಆಯ್ತು, ಹೊರಡು" ಅಂತ ಬಾಲ್ಕನಿಯಿಂದ ಕೂಗಿದ್ದೂ ನಾನೇ.

ಅದಕ್ಕೇ ಮಂಗಳವಾರ ಚಕ್ಕಳಮಕ್ಕಳ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮೇಲಕ್ಕೆ, ಕೀ ತಿರುಗಿಸಿದೆ. ಕೂಗಿತು. ಒಂದು ನಿಮಿಷ, ಎರಡು, ಐದು. ಹತ್ತು ನಿಮಿಷವಾದ ಮೇಲೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮೆತ್ತಗಾಯಿತು. ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ಅಲ್ಲೇ ನಿರ್ಧಾರ ಮಾಡಿದೆ: ಇದಕ್ಕೆ ಕಾರಣ ಏನು ಅಂತ ಪತ್ತೆಯಾಗುವ ತನಕ ನಾನು ಬಿಡುವುದಿಲ್ಲ.

ಸುಲಭ ಅಂದುಕೊಂಡಿರಾ?

ಮೊದಲ ಗ್ಯಾರೇಜಿಗೆ ನಾನೇ ಓಡಿಸಿಕೊಂಡು ಹೋದೆ. ಅಷ್ಟು ಹೊತ್ತಿಗೆ ಇಂಜಿನ್ ಬಿಸಿಯಾಗಿ ಪರಮ ಸಾಧು. "ಎಲ್ಲಾ ನಾರ್ಮಲ್ ಇದೆ ಮೇಡಂ" ಅಂದರು. ಎರಡನೆಯವರು ಏನೋ ಮೆಷಿನ್ ಸಿಕ್ಕಿಸಿ ನೋಡಿ, "ಏನೂ ತೋರಿಸ್ತಿಲ್ಲ. ಡ್ರೈವಿಂಗ್ ಮಿಸ್ಟೇಕ್ ಇರ್ಬೇಕು" ಅಂದರು. (ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲು ಹತ್ತುತ್ತಲೇ ಹಲ್ಲುನೋವು ಮಾಯವಾಗುತ್ತದಲ್ಲ, ಅದೇ ಕಥೆ.) ಮೂರನೆಯವರು ಬುದ್ಧಿವಂತರು. "ಗಾಡಿ ತಣ್ಣಗಿರುವಾಗ ತನ್ನಿ" ಅಂದರು.

ಸ್ವಾಮಿ, ತಣ್ಣಗಿರುವ ಇಂಜಿನ್ನನ್ನು ಸ್ಟಾರ್ಟ್ ಮಾಡದೆ ತರುವುದು ಹೇಗೆ? ತಲೆ ಮೇಲೆ ಹೊತ್ತುಕೊಂಡಾ?

ರಾತ್ರಿ ಅಲ್ಲೇ ಬಿಟ್ಟು ಬಂದೆ. ಅವರು ಹತ್ತು ಗಂಟೆಗೆ ಶಟರ್ ಎತ್ತಿ, ಜಾಗ ಇಲ್ಲ ಅಂತ ಗಾಡಿಯನ್ನು ಆಚೆ ತೆಗೆದು, ಇನ್ನೊಂದು ಬೀದಿಯಲ್ಲಿ ನಿಲ್ಲಿಸಿ, ಹನ್ನೊಂದಕ್ಕೆ ನೋಡಿದರು. "ಚೆನ್ನಾಗೇ ಇದೆಯಲ್ಲ" ಅಂದರು.

ಆಮೇಲೆ ಯಾರೋ ಹೇಳಿದರು ಅಂತ ಚಾಮರಾಜಪೇಟೆಯ ಪಳನಿ ಅವರ ಶೆಡ್ಡಿಗೆ ಹೋದೆ. ಅರವತ್ತರ ಆಸುಪಾಸು, ಕಿವಿಯ ಮೇಲೆ ಪೆನ್ಸಿಲ್. ನಾನು ಹೇಳಿದ್ದನ್ನೆಲ್ಲ ಕೇಳಿ, "ಬೆಳಿಗ್ಗೆ ಐದೂವರೆಗಾ? ಹತ್ತಕ್ಕೆ ಮುಂಚೆ ನಾನು ಸ್ಪ್ಯಾನರ್ ಮುಟ್ಟಲ್ಲಮ್ಮ" ಅಂದರು. ಮಾರನೆಯ ದಿನ ಮತ್ತೆ ಹೋದೆ. ಅದರ ಮಾರನೆಯ ದಿನವೂ ಹೋದೆ. ಒಂದು ಸ್ಟೂಲು ಎಳೆದುಕೊಂಡು ಕೂತುಬಿಟ್ಟೆ. ಕೊನೆಗೆ ಅವರೇ ಸೋತು ವಿಡಿಯೋ ನೋಡಿದರು. ಮೊದಲು ನನ್ನ ಚಕ್ಕಳಮಕ್ಕಳ ನೋಡಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಫೋನನ್ನು ಕಿವಿಗೆ ಹಿಡಿದುಕೊಂಡರು.

"ಡ್ರೈವರ್ ಏನಂದ?"

"ಕಾಲಿಟ್ಟಿರ್ಲಿಲ್ಲ ಅಂದ."

"ಮತ್ತೆ ಅವನ್ ಎಲ್ಲಿ?"

ನಾನು ಕೈ ಚಾಚಿ ಫೋನು ವಾಪಸ್ ತೆಗೆದುಕೊಂಡೆ. ಪಳನಿ ನನ್ನ ಮುಖ ನೋಡಿ, "ನಾಳೆ ಬರ್ತೀನಿ. ನಾನ್ ಬರೋವರ್ಗೂ ಕೀ ಮುಟ್ಬೇಡಿ" ಅಂದರು.

ಬಂದರು, ಮಫ್ಲರ್ ಸುತ್ತಿಕೊಂಡು. ಸೀಟನ್ನೆತ್ತಿ ಇಂಜಿನ್ ತೆರೆದಿಟ್ಟು, ಟಾರ್ಚ್ ಹಿಡಿದುಕೊಂಡು, ಹೊರಗಿನಿಂದಲೇ ಕೈ ಚಾಚಿ ಕೀ ತಿರುಗಿಸುವಂತೆ ನನಗೆ ಹೇಳಿದರು. ಇಂಜಿನ್ ಕೂಗಿತು. ಪಳನಿ ಒಂದೊಂದೇ ಪೈಪನ್ನು ಎರಡು ಬೆರಳಲ್ಲಿ ಹಿಸುಕುತ್ತಾ ಹೋದರು. ಮೊದಲನೆಯದು, ಇಲ್ಲ. ಎರಡನೆಯದು, ಇಲ್ಲ. ಕಿರುಬೆರಳು ದಪ್ಪದ ಒಂದು ರಬ್ಬರ್ ಪೈಪನ್ನು ಹಿಸುಕಿದರು ನೋಡಿ, ಕೂಗು ತಟ್ಟನೆ ಇಳಿಯಿತು. ಬಿಟ್ಟರು, ಏರಿತು. ಹಿಸುಕಿದರು, ಇಳಿಯಿತು.

"ಸಿಕ್ಕಿದ ಕಳ್ಳ" ಅಂದರು. "ಚಳಿಗೆ ಇಂಜಿನ್ ಸ್ವಲ್ಪ ರೈಸ್ ಆಗೋದು ಮಾಮೂಲೇ ಅಮ್ಮ. ಒಂದೆರಡು ನಿಮಿಷಕ್ಕೆ ತಾನೇ ಇಳೀಬೇಕು. ಇಲ್ಲಿ ಪೈಪ್ ಬಿರುಕು ಬಿಟ್ಟಿದೆ, ಕದ್ದು ಗಾಳಿ ಒಳಗೆ ಹೋಗ್ತಿದೆ. ಚಳೀಲಿ ರಬ್ಬರ್ ಗಟ್ಟಿ ಆಗತ್ತೆ, ಬಿರುಕು ಬಾಯಿ ಬಿಡತ್ತೆ. ಬಿಸಿ ಆದ್ರೆ ಮೆತ್ತಗಾಗಿ ಮುಚ್ಕೊಳತ್ತೆ. ಗ್ಯಾರೇಜಲ್ಲಿ ಯಾರಿಗೆ ಕಾಣತ್ತೆ?"

ಇಷ್ಟು ಹೊತ್ತಿಗೆ ಸದ್ದು ಕೇಳಿ ಶಾರದಮ್ಮ ಶಾಲು ಹೊದ್ದುಕೊಂಡು ಗೇಟಿಗೆ ಬಂದಿದ್ದರು. ಹಿಂದೆ ರಮೇಶ್. ನಾನು ಪೈಪು ತೋರಿಸಿ ವಿವರಿಸಿದೆ. ಶಾರದಮ್ಮ ತಲೆಯಾಡಿಸಿ, "ಹೌದಲ್ಲಮ್ಮ, ಅವತ್ತೂ ಹಿಂಗೇ ಅರಚ್ತಿತ್ತು. ಸಿದ್ದರಾಜು ಇನ್ನೂ ಕೆಳಗೆ ನಿಂತು ಹಿಂದಿನ ಬಾಗ್ಲು ಹಾಕ್ತಿದ್ದ, ಆಗ್ಲೇ ಕೂಗ್ತಿತ್ತು" ಅಂದರು.

"ಅವತ್ತೇ ಯಾಕೆ ಹೇಳ್ಲಿಲ್ಲ ಶಾರದಮ್ಮ?"

"ಯಾರ್ ಕೇಳಿದ್ರು? ನೀನು ಅವನನ್ನ ಬೈತಿದ್ದೆ. ಇವನು ನಿನ್ನ ಬೈತಿದ್ದ. ನಾನು ನೆಲದ ಮೇಲೆ ಬಿದ್ದಿದ್ದೆ."

ಯೋಚಿಸಿ ನೋಡಿ. ಒಂದು ವಾರ ನಾಲ್ಕು ಗ್ಯಾರೇಜು ಅಲೆದೆ. ಯಾರ ಪ್ರಾಣಕ್ಕೆ ಕುತ್ತು ಬಂದಿತ್ತೋ, ಎಲ್ಲವನ್ನೂ ಯಾರು ಕಣ್ಣಾರೆ ನೋಡಿದ್ದರೋ, ಅವರು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು. ಡೆಟಾಲ್ ಹಿಡಿದುಕೊಂಡು ಅವರ ಮನೆಗೆ ಹೋಗಿದ್ದೆ ಕೂಡ. ನೋವಿದೆಯಾ ಅಂತ ಕೇಳಿದೆ. ಏನು ನೋಡಿದಿರಿ ಅಂತ ಕೇಳಲಿಲ್ಲ.

ಪಳನಿ ಹೊಸ ಪೈಪು ಹಾಕಿದರು. ಮಾರನೆಯ ಬೆಳಿಗ್ಗೆ ಇಂಜಿನ್ ಒಂದು ನಿಮಿಷ ಗೊಣಗಿ, ತಾನೇ ತಗ್ಗಿತು.

ಸಿದ್ದರಾಜುವಿಗೆ ಫೋನ್ ಮಾಡಿದೆ. "ಗಾಡೀದೇ ತಪ್ಪು ಅಂತ ಗೊತ್ತಾಯ್ತಪ್ಪ. ಸಾರಿ. ನಾಳೆಯಿಂದ ಬಾ."

"ಅಕ್ಕ, ಇನ್ನೊಂದು ಕಡೆ ಕೆಲಸಕ್ಕೆ ಮಾತಾಡಿದೀನಿ" ಅಂದ. ಆಮೇಲೆ ನಿಧಾನವಾಗಿ, "ನೀವು ನನ್ನ ಬೈದಿದ್ದು ಫೋನಲ್ಲಿ ಅಲ್ವಲ್ಲ ಅಕ್ಕ. ರೋಡಲ್ಲಿ. ಅಷ್ಟೂ ಜನರ ಮುಂದೆ" ಅಂದ.

ನಿಜ ಹೇಳುತ್ತೇನೆ, ಸಿಟ್ಟು ಬಂತು. ಸಾರಿ ಕೇಳಿದ್ದಾಯಿತಲ್ಲ, ಇನ್ನೇನು ಅನ್ನಿಸಿತು. ಒಂದು ಲೋಟ ನೀರು ಕುಡಿದೆ. ಸಿಟ್ಟು ಇಳಿದ ಮೇಲೆ ಉಳಿದದ್ದು ಅವನ ಮಾತು, ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ನಾಳೆ ಐದೂವರೆಗೆ ಬಾ" ಅಂದೆ. "ಕೆಲಸ ಮಾಡೋದು ಬಿಡೋದು ಆಮೇಲೆ. ಮೊದ್ಲು ಬಾ."

ಬಂದ. ಸೈಕಲ್ಲಿನಿಂದ ಇಳಿಯದೆ ಒಂದು ಕಾಲು ನೆಲಕ್ಕೆ ಊರಿ ನಿಂತ. ಶಾರದಮ್ಮ ರಂಗೋಲಿ ಹಾಕುತ್ತಿದ್ದರು. ಎದುರು ಮನೆಯವರನ್ನು ನಾನೇ ಬೆಲ್ ಒತ್ತಿ ಕರೆದಿದ್ದೆ. ರಮೇಶ್ ಪೇಪರ್ ಹಿಡಿದು ಗೇಟಿನಲ್ಲಿ ನಿಂತಿದ್ದರು. ವಾಕಿಂಗಿನವರೂ ನಿಂತರು. ರಸ್ತೆಯ ಮಧ್ಯಕ್ಕೆ ಹೋದೆ.

"ಅವತ್ತು ಸಿದ್ದರಾಜು ಸುಳ್ಳು ಹೇಳ್ತಿದಾನೆ ಅಂದೆ. ಅವನು ಹೇಳಿದ್ದು ನಿಜ. ಗಾಡಿ ಕೆಟ್ಟಿತ್ತು. ಒಂದು ವಾರ ಮುಂಚೇನೇ ಅವನು ನನಗೆ ಹೇಳಿದ್ದ, ನಾನು ಕಿವಿಗೆ ಹಾಕ್ಕೊಳ್ಲಿಲ್ಲ. ತಪ್ಪು ನಂದು. ಸಿದ್ದರಾಜು, ನನ್ನ ಕ್ಷಮಿಸು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ರಮೇಶ್ ಪೇಪರ್ ಮಡಚಿ ಹತ್ತಿರ ಬಂದು, "ನಂದೂ ತಪ್ಪಾಯ್ತಪ್ಪ" ಅಂದರು. ಸಿದ್ದರಾಜು ಇಳಿದು, ಸೈಕಲ್ಲನ್ನು ನಮ್ಮ ಕಾಂಪೌಂಡಿಗೆ ಒರಗಿಸಿ, ಕೈ ಚಾಚಿದ. ಕೀ ಕೊಟ್ಟೆ.

ಬೈಯುವಾಗ ಮೈಕೇ ಇಲ್ಲದೆ ಇಡೀ ಬೀದಿಗೆ ಕೇಳಿಸುವ ನಮ್ಮ ಗಂಟಲು, ಕ್ಷಮೆ ಕೇಳುವಾಗ ಮಾತ್ರ ಯಾಕೆ ಫೋನಿನೊಳಗೆ ಅಡಗಿಕೊಳ್ಳಲು ನೋಡುತ್ತದೆ?