ಆರತಿಗಾಗಿ ನಿಲ್ಲಿಸಿದ ಗಾಳಿ

ನಮ್ಮ ಲ್ಯಾಬಿನಲ್ಲಿ ದಸರೆಗೆ ಯಂತ್ರಪೂಜೆ ತಪ್ಪುವುದಿಲ್ಲ. ಅಂಬರನಾಥದ ಕಾರ್ಖಾನೆಗಳಲ್ಲಿ ಲೇಥ್‌ಗೆ ಹೂ ಏರಿಸುವ ಹಾಗೆ ನವಿ ಮುಂಬೈಯ ಈ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕುಂಕುಮ, ಫ್ರಿಜ್‌ಗೆ ಚೆಂಡುಹೂವಿನ ಮಾಲೆ. ನನಗೇನೂ ತಕರಾರಿರಲಿಲ್ಲ. ಈ ಸಲ ಆ ದಿನ ನಾನು ಲ್ಯಾಬಿಗೆ ಹೋಗದೆ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಮನೆಮನೆಗೆ ಬನ್ನಿ ಕೊಟ್ಟು ಬರುತ್ತಿದ್ದೆ.

ನನ್ನದು ಪ್ಲಾಸ್ಟಿಕ್ಕಿನ ಕೆಲಸ. ಮೈಯಲ್ಲಿ ತಾನಾಗಿ ಕರಗಿಹೋಗುವ ಪ್ಲಾಸ್ಟಿಕ್. ಅದರ ತೆಳು ಹಾಳೆಯ ಮೇಲೆ ಚರ್ಮದ ಜೀವಕೋಶ ಬೆಳೆಸಿ ಸುಟ್ಟ ಗಾಯಕ್ಕೆ ಹೊದಿಸಬೇಕೆಂಬ ಆಸೆ. ಆದರೆ ಆ ಹಾಳೆ ನೀರನ್ನೇ ಹತ್ತಿರ ಸೇರಿಸದು, ನೀರು ಸೇರದ ಕಡೆ ಕೋಶವೂ ಅಂಟಿಕೊಳ್ಳದು. ಅದಕ್ಕೇ ಹಾಳೆಯನ್ನು ಕ್ಷಾರದ ನೀರಿನಲ್ಲಿ ನೆನೆಸಿ ಅದರ ಮೇಲ್ಮೈಯನ್ನಷ್ಟೇ ಬದಲಿಸುತ್ತಿದ್ದೆ. ಮಾಡಿ ಕೆಡಿಸಿ, ಕೆಡಿಸಿ ಮಾಡಿ, ಕೊನೆಗೊಮ್ಮೆ ನೀರಿನ ಹನಿ ಬಿಟ್ಟರೆ ದುಂಡಗೆ ನಿಲ್ಲದೆ ಹರಡಿಕೊಳ್ಳುವ ಹಾಳೆ ಕೈಗೆ ಬಂತು. ಹಬ್ಬದ ಹಿಂದಿನ ಸಂಜೆ ಕೆಲವನ್ನು ತಟ್ಟೆಗಳಲ್ಲಿ ಹಾಕಿ, ಮುಚ್ಚಳ ತೆಗೆದು ಹುಡ್‌ನಲ್ಲಿ ಒಣಗಲು ಇಟ್ಟೆ. ಹುಡ್ ಅಂದರೆ ಸೋಸಿದ ಗಾಳಿ ಬೀಸುವ ಗಾಜಿನ ಗೂಡು. ಫ್ಯಾನ್ ತಿರುಗುವಷ್ಟು ಹೊತ್ತು ಹೊರಗಿನದೇನೂ ಒಳಗೆ ಬರುವುದಿಲ್ಲ. ಮೊದಲೇ ಒಣಗಿದ್ದ ಹಾಳೆಗಳು ಮುಚ್ಚಿದ ಡಬ್ಬಿಯಲ್ಲಿದ್ದವು.

ಹಬ್ಬ ಮುಗಿಸಿ ಬಂದು ಹುಡ್‌ನಲ್ಲಿದ್ದ ಕೆಲವು ಹಾಳೆಗಳ ಮೇಲೆ ಕೋಶಗಳನ್ನು ಬಿಟ್ಟೆ. ಒಂದೂ ಹಿಡಿಯಲಿಲ್ಲ. ಎಲ್ಲವೂ ಸತ್ತು ತೇಲಿದವು.

ಲ್ಯಾಬಿನ ಮುಖ್ಯಸ್ಥರು ಉಡುಪಿ ಕಡೆಯವರು. ಹಿಂದಿ ಮರಾಠಿಯಲ್ಲಿ ನಡೆಯುವ ಆ ಲ್ಯಾಬಿನಲ್ಲಿ ನನ್ನೊಬ್ಬಳ ಜೊತೆ ಮಾತ್ರ ಕನ್ನಡ ಮಾತಾಡುತ್ತಿದ್ದರು. ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, "ಇದು ಆಗುವ ಹೋಗುವ ಕೆಲಸ ಅಲ್ಲ ಮಾರಾಯ್ತಿ. ಮುಂದಿನ ವಾರದ ವರದಿಯಲ್ಲಿ ಈ ಕೆಲಸ ನಿಲ್ಲಿಸಿದ್ದೇವೆ ಅಂತ ಬರೆದುಬಿಡುವ. ಹೊರಗಿಂದ ರೆಡಿ ಹಾಳೆ ತರಿಸಿದರಾಯ್ತು" ಅಂದರು.

ನನ್ನ ಮೈ ಉರಿಯಿತು. ಇಷ್ಟು ವರ್ಷ ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ, ಮಂದಿಯ ಮೊಣಕೈ ಏಟು ತಿಂದು, ಬಂದು ಮಾಡಿದ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸುವುದಂತೆ.

ಆ ಸಂಜೆ ಗಾಡಿಯಲ್ಲಿ ನಿಂತು ಲ್ಯಾಬಿನ ಗ್ರೂಪಿಗೆ ಬಂದಿದ್ದ ಪೂಜೆಯ ಫೋಟೋ ನೋಡುತ್ತಿದ್ದೆ. ಒಂದರಲ್ಲಿ ಸರ್ ಹುಡ್‌ನೊಳಗೆ ಕೈಚಾಚಿ ಆರತಿ ಎತ್ತುತ್ತಿದ್ದರು. ಪಕ್ಕದಲ್ಲಿ ಧೂಪದ ಹೊಗೆ, ಅದರ ಕೆಳಗೆ ಬಾಯಿ ತೆರೆದ ನನ್ನ ಹಾಳೆಗಳ ತಟ್ಟೆಗಳು. ದೀಪ ಅಲುಗದೆ ನೆಟ್ಟಗೆ ಉರಿಯುತ್ತಿತ್ತು. ಬೀಸುವ ಹುಡ್‌ನಲ್ಲಿ ದೀಪ ಹಾಗೆ ಉರಿಯುವುದು ಸಾಧ್ಯವೇ ಇಲ್ಲ. ಫ್ಯಾನ್ ನಿಲ್ಲಿಸಿದ್ದರು.

ಅವ್ವನಿಗೆ ಹೇಳಿದರೆ, "ದೀಪಾ ಹಚ್ಚೂಮುಂದ ನಾನೂ ಫ್ಯಾನ್ ಬಂದ್ ಮಾಡ್ತೀನಿ. ಅದರಾಗೇನ ತಪ್ಪು?" ಅಂದಳು. ಅದೇ. ನಮ್ಮ ಯಾವ ಮನೆಯಲ್ಲೂ ಅದು ತಪ್ಪು ಅನ್ನಿಸುವುದಿಲ್ಲ.

ಮರುದಿನ ಸರ್ ಮೇಜಿನ ಮೇಲೆ ಹುಡ್‌ನಲ್ಲಿ ಉಳಿದಿದ್ದ ಹಾಳೆಯೊಂದನ್ನೂ ಡಬ್ಬಿಯ ಹಾಳೆಯೊಂದನ್ನೂ ಇಟ್ಟು ಎರಡಕ್ಕೂ ನೀರು ಹನಿಸಿದೆ. ಡಬ್ಬಿಯದರ ಮೇಲೆ ಹನಿ ಹರಡಿತು. ಹುಡ್‌ನದರ ಮೇಲೆ ಗುಂಡಗೆ ನಿಂತಿತು.

"ದೀಪಾ ಆರಬಾರದಂತ ಫ್ಯಾನ್ ಬಂದ್ ಮಾಡೀರಿ ಸರ್. ಧೂಪದ ಜಿಡ್ಡು ಇದರ ಮ್ಯಾಲೆ ಕೂತದ."

"ಎಂತ ಮಾತು ನಿನ್ನದು? ದೇವರಿಂದ ಕೆಟ್ಟಿತು ಅಂತ ಬರೆಯುವುದಾ?"

"ದೇವರೇನೂ ಮಾಡಿಲ್ರಿ. ಸ್ವಿಚ್ ಒತ್ತಿದ್ದು ಮಂದಿ."

ಮುಖ ಕೆಂಪಾದರೂ ಡಬ್ಬಿಯ ಹಾಳೆಗಳಿಗೆ ಕೋಶ ಬಿಡಲು ಒಪ್ಪಿದರು. ಈ ಸಲ ಹಿಡಿದವು. ಕೈಕಾಲು ಚಾಚಿ ಮಲಗಿದ ಮಕ್ಕಳ ಹಾಗೆ ಹಾಳೆಯ ತುಂಬ ಹರಡಿಕೊಂಡವು. ಖುಷಿಗೆ ನನ್ನ ಕಣ್ಣು ತುಂಬಿತು.

ಸರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದೇ ಹಾಳೆ ನೋಡಿದರು. "ಆಯ್ತು, ಕೆಲಸ ಮುಂದುವರಿಸು. ಆದರೆ ಮೊದಲಿನದು ಯಾಕೆ ಕೆಟ್ಟಿತು ಅಂತ ಗೊತ್ತಾಗಲಿಲ್ಲ ಅಂತ ಬರೆ."

"ಗೊತ್ತಾಗೇದಲ್ರಿ ಸರ್. ಗೊತ್ತಿಲ್ಲ ಅಂದ್ರ ಹಾಳೀದ ತಪ್ಪು ಅಂತಾರ. ನಾಳೆ ಯಾರೂ ಇದನ್ನ ನಂಬೂದಿಲ್ಲ."

"ಹಾಗಾದರೆ ನನ್ನ ಸಹಿ ಇಲ್ಲ."

ಅವರ ಸಹಿಯಿಲ್ಲದೆ ವರದಿ ಹೋಗದು, ವರದಿ ಹೋಗದಿದ್ದರೆ ದುಡ್ಡು ಬಾರದೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಗೊತ್ತಿದ್ದೂ ಬರೆದೆ: ಪೂಜೆಗಾಗಿ ಹುಡ್‌ನ ಗಾಳಿ ನಿಲ್ಲಿಸಿ ಒಳಗೆ ಧೂಪ ಹಾಕಿದ್ದರಿಂದ ಹಾಳೆಗಳು ಕೆಟ್ಟವು. ಪ್ರಿಂಟ್ ತೆಗೆದು ಅವರ ಮುಂದಿಟ್ಟೆ. "ಈ ಸಾಲು ಬದಲಾಗೂದಿಲ್ರಿ ಸರ್. ಸಹಿ ಮಾಡೂದು ಬಿಡೂದು ನಿಮಗ ಬಿಟ್ಟಿದ್ದು." ಹೇಳಿ ಪೆನ್ನನ್ನೂ ಕಾಗದದ ಪಕ್ಕದಲ್ಲಿಟ್ಟೆ. ಅವರು ಮತ್ತೊಮ್ಮೆ ಸೂಕ್ಷ್ಮದರ್ಶಕದ ಕಡೆ ನೋಡಿದರು, ಸಹಿ ಹಾಕಿ ಕಾಗದವನ್ನು ನನ್ನ ಕಡೆ ತಳ್ಳಿದರು.

ಅಂದಿನಿಂದ ಅವರು ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಮಾರಾಯ್ತಿ ಹೋಗಿ ಮೇಡಂ ಆಗಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಲ್ಯಾಬಿನಲ್ಲಿ ಒಂದು ಕನ್ನಡದ ಮಾತು ಕಿವಿಗೆ ಬೀಳುವುದಿಲ್ಲ. ಸಂಕಟವಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೂ ಆ ಸಾಲನ್ನು ಮತ್ತೆ ಬರೆ ಅಂದರೆ ಹಾಗೇ ಬರೆಯುತ್ತೇನೆ, ಒಂದಕ್ಷರ ಬಿಡದೆ.