ಈಕ್ವೆಡಾರ್ ಇಲ್ಲದ ಆಂಡೀಸ್

ಕಳೆದ ವಾರ ಗುಲಬರ್ಗಾದ ಸೂಪರ್ ಮಾರ್ಕೆಟ್ ಬೀದಿಯಲ್ಲಿ ಆಟೋಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದಾಗ ಕೆಂಪು ಬಾಳೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. “ಕಮಲಾಪುರದ ಅಸಲಿ ಮಾಲು ಅದ ರೀ ಅಕ್ಕ, ತಗೋರಿ,” ಎಂದ ತಳ್ಳುಗಾಡಿಯವನು. ನನಗೆ ತಕ್ಷಣ ನೆನಪಾದದ್ದು ದಕ್ಷಿಣ ಅಮೆರಿಕ. ನಗಬೇಡಿ, ಕಾರಣ ಹೇಳುತ್ತೇನೆ.

ಕಮಲಾಪುರದ ನಮ್ಮ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರು ಶಾಂತಾಬಾಯಿ ಅಕ್ಕೋರು. ಅವರು ಹತ್ತಿದ್ದ ಅತಿ ಎತ್ತರದ ಜಾಗವೆಂದರೆ ಬೀದರ್ ಕೋಟೆ. ಆದರೂ ಪರ್ವತಗಳ ವಿಷಯ ಬಂದರೆ ತವರುಮನೆಯ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ಒಂದು ವರ್ಷ ಗುಲಬರ್ಗಾದಲ್ಲಿ ಶಾಲೆಗಳ ರಸಪ್ರಶ್ನೆ ಸ್ಪರ್ಧೆಯಿತ್ತು. ಅಕ್ಕೋರು ನನ್ನ ಹೆಸರು ಕೊಟ್ಟರು. ಹೆಡ್‌ಮಾಸ್ತರರಿಗೆ ಅದು ಹಿಡಿಸಲಿಲ್ಲ.

“ಹುಡುಗೀನ ಯಾಕ್ರೀ ಬಾಯಾರ? ಅಷ್ಟು ಮಂದಿ ನೋಡಿ ಹೆದರಿ ಕೂಡ್ತಾಳ.”

“ಹೆದರಂಗಿಲ್ಲ ರೀ ಸರ್. ನಾ ಜವಾಬ್ದಾರಿ.”

ಸ್ಪರ್ಧೆಗೆ ಎರಡು ದಿನ ಮುಂಚೆ ಅಕ್ಕೋರು ತಮ್ಮ ತೋಟದಿಂದ ಏಳು ಕೆಂಪು ಬಾಳೆಹಣ್ಣು ತಂದು ಮೇಜಿನ ಮೇಲೆ ಉದ್ದಕ್ಕೆ ಜೋಡಿಸಿದರು. ಸಿಪ್ಪೆಯ ಮೇಲೆ ಪೆನ್ನಿನಿಂದ ದೇಶಗಳ ಹೆಸರು: ವೆನೆಜುವೆಲಾ, ಕೊಲಂಬಿಯಾ, ಈಕ್ವೆಡಾರ್, ಪೆರು, ಬೊಲಿವಿಯಾ, ಚಿಲಿ, ಅರ್ಜೆಂಟೀನಾ. “ಆಂಡೀಸ್ ಒಂದೇ ಪರ್ವತ, ಆದ್ರ ಏಳು ದೇಶದ ಮ್ಯಾಲ ಹಾದು ಹೋಗ್ಯದ. ಬಾಯಿಪಾಠ ಮಾಡು,” ಎಂದು ಹೇಳಿ, ಯಾರೋ ಕರೆದರೆಂದು ಹೊರಗೆ ಹೋದರು. ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಈಕ್ವೆಡಾರ್ ಎಲ್ಲಕ್ಕಿಂತ ಹೆಚ್ಚು ಮಾಗಿತ್ತು. ಒಂದು ದೇಶ ಇಷ್ಟು ಸಿಹಿಯಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಸಿಪ್ಪೆಯನ್ನು ಕಿಟಕಿಯಾಚೆ ಎಸೆದು, ಕೊಲಂಬಿಯಾವನ್ನು ಪೆರುವಿಗೆ ಒತ್ತಿಟ್ಟೆ. ಅಕ್ಕೋರು ಬಂದು ಮೇಜು ನೋಡಿದರು, ನನ್ನನ್ನೂ ನೋಡಿದರು, ಪಾಠ ಮುಂದುವರಿಸಿದರು.

ಗುಲಬರ್ಗಾದ ಆ ಸಭಾಂಗಣದಲ್ಲಿ ಕೊನೆಯ ಪ್ರಶ್ನೆ ನನ್ನ ಪಾಲಿಗೆ ಬಂತು. ಆಂಡೀಸ್ ಯಾವ ಯಾವ ದೇಶಗಳಲ್ಲಿ ಹಬ್ಬಿದೆ? ಉತ್ಸಾಹದಿಂದ ಶುರುಮಾಡಿದೆ. ಕೊಲಂಬಿಯಾ ಆದ ಮೇಲೆ ಕಣ್ಣ ಮುಂದೆ ಬಂದದ್ದು ನಾನೇ ಮುಚ್ಚಿದ ಆ ಖಾಲಿ ಜಾಗ. ಅದನ್ನು ಹಾರಿ ಪೆರುವಿಗೆ ಹೋದೆ. ಆರು ದೇಶ ಹೇಳಿ ಗೆದ್ದವಳಂತೆ ಕೂತೆ. ಸೋತಿದ್ದೆವು. ಮುಂದಿನ ಸಾಲಿನಲ್ಲಿದ್ದ ಹೆಡ್‌ಮಾಸ್ತರರು ಮುಖ ಸಿಂಡರಿಸಿಕೊಂಡು ಎದ್ದರು.

“ನೋಡ್ರಿ ಬಾಯಾರ, ನಾ ಅವತ್ತೇ ಹೇಳಿದ್ದೆ.”

“ಹುಡುಗೀದು ತಪ್ಪಿಲ್ಲ ರೀ ಸರ್,” ಎಂದರು ಅಕ್ಕೋರು. “ನಾನೇ ಆರು ದೇಶ ಅಂತ ಕಲಿಸಿದ್ದೆ.”

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಮುಂದಿನ ವಾರ ಅಕ್ಕೋರಿಂದ ಭೂಗೋಳ ಕಿತ್ತು, ಡ್ರಿಲ್ ಮಾಸ್ತರರಿಗೆ ಕೊಟ್ಟರು. ಅಕ್ಕೋರ ಪಾಲಿಗೆ ಹೊಲಿಗೆ ಕ್ಲಾಸು ಬಂತು. ಡ್ರಿಲ್ ಮಾಸ್ತರರು ಹಿಮಾಲಯವನ್ನು ಒಂದೇ ವಾಕ್ಯದಲ್ಲಿ ದಾಟಿಸಿದರು: “ಪುಸ್ತಕದಾಗ ಅದ, ಓದ್ಕೊಳ್ರಿ.” ಮುಂದೆ ನಾನೇ ಭೂಗೋಳದ ಟೀಚರಾಗಿ ನಿವೃತ್ತಳಾದೆ. ಮಕ್ಕಳಿಗೆ ಪ್ರಾಮಾಣಿಕತೆಯ ಬಗ್ಗೆಯೂ ಸಾಕಷ್ಟು ಭಾಷಣ ಬಿಗಿದಿದ್ದೇನೆ.

ಮಾರ್ಕೆಟ್ಟಿನಿಂದ ಗಾಜಿಪುರ ಬಡಾವಣೆಯ ಮನೆಗೆ ಬಂದರೂ ಮನಸ್ಸು ನಿಲ್ಲಲಿಲ್ಲ. ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಅಕ್ಕೋರು ತಮ್ಮನ ಮಗಳ ಮನೆಯಲ್ಲಿದ್ದರು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಚಹಾ ಮುಗಿಯುವ ಮೊದಲೇ ಹೇಳಿಬಿಟ್ಟೆ: “ಅಕ್ಕೋರೇ, ಅವತ್ತು ಆ ಹಣ್ಣು ನಾನೇ ತಿಂದಿದ್ದೆ ರೀ.”

“ಗೊತ್ತಿತ್ತವ್ವ. ಬಾಯಿ ತುಂಬ ವಾಸನಿ ಹೊಡೀತಿತ್ತು.”

“ಮತ್ತ ತಪ್ಪು ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ?”

ಅಕ್ಕೋರು ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು ಕೆಳಗಿಟ್ಟರು. “ಟೀಚರ್ ದಡ್ಡಿ ಅಂದ್ರ ಒಬ್ಬ ಟೀಚರ್‌ನ ಬದಲಿ ಮಾಡ್ತಾರ. ಹುಡುಗಿ ದಡ್ಡಿ ಅಂದ್ರ ಮುಂದ ಯಾವ ಹುಡುಗೀನೂ ಕಳಸ್ತಿದ್ದಿಲ್ಲ.”

ಮರುವರ್ಷ ನಮ್ಮ ಶಾಲೆಯಿಂದ ಇಬ್ಬರು ಹುಡುಗಿಯರು ಸ್ಪರ್ಧೆಗೆ ಹೋಗಿ ಗೆದ್ದು ಬಂದಿದ್ದರು. ಅದು ಹೇಗಾಯಿತೆಂದು ನಾನು ಇಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ. ಅವರಲ್ಲಿ ನಾನಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೆ, ಅಷ್ಟೆ.